ಎಣ್ಣೆಯ ಮೂರನೇ ದಾರಿ

ಸಂತೋಕ್‌ಬೆನ್ ತಿಪ್ಪೆಯ ಹಲಗೆಯ ಮೇಲಿಂದ ಜಾರಿ ಬಿದ್ದು ಮೊಣಕೈ ಮುರಿದುಕೊಂಡ ದಿನವೇ ಕಂಕುಬೆನ್ ತೀರ್ಮಾನ ಮಾಡಿಬಿಟ್ಟಳು: ಇನ್ನು ಮೇಲೆ ತನ್ನ ಕೊಟ್ಟಿಗೆಯ ಸಗಣಿ ಯಾವ ಹೆಂಗಸಿನ ತಲೆಯ ಮೇಲೂ ಹೋಗಕೂಡದು. ನಲವತ್ತೆರಡು ಎಮ್ಮೆಗಳ ಕೊಟ್ಟಿಗೆ ಅದು. ದಿನಕ್ಕೆ ತೊಂಬತ್ತು ಬುಟ್ಟಿ ಸಗಣಿ. ಹನ್ನೊಂದು ವರ್ಷದಿಂದ ಸಂತೋಕ ಮತ್ತು ಇನ್ನಿಬ್ಬರು ಹೆಂಗಸರು ಅದನ್ನು ಹೊತ್ತು ಹೊತ್ತು ನೆತ್ತಿಯ ಕೂದಲು ಸವೆಸಿಕೊಂಡಿದ್ದರು. ಅವರಿಗಿಂತ ಮೊದಲು ಕಂಕು ತಾನೇ ಹೊತ್ತಿದ್ದಳು. ಗುಜರಾತಿನ ಬನಾಸಕಾಂಠಾದ ಆ ಊರಿಗೆ ಸೊಸೆಯಾಗಿ ಬಂದಾಗ ಮನೆಯಲ್ಲಿದ್ದದ್ದು ಮೂರೇ ಎಮ್ಮೆ.

ಮನೆಯಲ್ಲಿ ಒಂದು ಸಣ್ಣ ಟ್ರ್ಯಾಕ್ಟರ್ ಇತ್ತು, ಇಪ್ಪತ್ತೇಳು ಕುದುರೆ ಶಕ್ತಿಯದು. ದಾಳಿಂಬೆ ಸಾಲುಗಳ ನಡುವೆ ನುಗ್ಗಲಿ ಎಂದು ತಂದದ್ದು. ಅಗಲ ನಾಲ್ಕೇ ಅಡಿ. ಅದರ ಮುಂದೆ ಎರಡು ಕಬ್ಬಿಣದ ತೋಳು, ತೋಳಿನ ತುದಿಗೊಂದು ಬಕೆಟ್ ಕಟ್ಟಿಸಿದರೆ ಕೊಟ್ಟಿಗೆಯೊಳಕ್ಕೇ ಹೋಗಿ ಸಗಣಿ ಬಾಚಿಕೊಂಡು ಬರಬಹುದು ಎಂದು ಕಂಕು ಗಂಡನಿಗೆ ಹೇಳಿದಳು.

ಶಾಮಳ್‌ಭಾಯಿ ರಕಾಬಿಗೆ ಸುರಿದುಕೊಂಡ ಚಹಾ ಸೊರ್ರನೆ ಹೀರಿ ನಕ್ಕ. "ಟ್ರ್ಯಾಕ್ಟರಿಗೆ ಕೈ ಬರುತ್ತೆ ಅಂದ್ರೆ ಅಂಗೀನೂ ಹೊಲಿಸ್ಬೇಕಾಗುತ್ತೆ ನೋಡು."

"ನೀವು ಅಂಗಿ ಹೊಲಿಸಿ. ನಾನು ಕೈ ಕಟ್ಟಿಸ್ತೀನಿ," ಎಂದಳು ಕಂಕು.

ಪಾಲನಪುರದ ಅಂಗಡಿಯಿಂದ ಆ ತೋಳು-ಬಕೆಟ್ಟಿನ ಲೋಡರ್ ಬಂತು. ಜೊತೆಗೊಬ್ಬ ಫಿಟ್ಟರ್ ಬಂದ. ಕಪ್ಪು ಕನ್ನಡಕ ತೆಗೆಯದೆಯೇ ಇಡೀ ದಿನ ಕೆಲಸ ಮಾಡಿದ. ಮಧ್ಯಾಹ್ನ ಸಜ್ಜೆಯ ರೊಟ್ಲಾ, ಬೆಳ್ಳುಳ್ಳಿ ಚಟ್ನಿ ಹೊಡೆದು, ಎರಡು ಲೋಟ ಮಜ್ಜಿಗೆ ಕುಡಿದು, ಸಂಜೆಗೆ ಬಕೆಟ್ಟನ್ನು ಎತ್ತಿ ಇಳಿಸಿ ತೋರಿಸಿದ. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಕಂಕು ಬಾನೆಟ್ ಮೇಲೆ ಕುಂಕುಮದಲ್ಲಿ ಸ್ವಸ್ತಿಕ ಬರೆದು ತೆಂಗಿನಕಾಯಿ ಒಡೆದಳು. ಫಿಟ್ಟರ್ ಹೊರಡುವ ಮುಂಚೆ ಒಂದು ಕಬ್ಬಿಣದ ಪೆಟ್ಟಿಗೆ ತೋರಿಸಿ, "ಇದಕ್ಕೆ ಮರಳು ತುಂಬಿ ಹಿಂದೆ ನೇಗಿಲು ಎತ್ತೋ ಲಿಫ್ಟಿಗೆ ಹಾಕ್ಕೊಂಡೇ ಕೆಲಸ ಮಾಡಿ. ಇಲ್ದಿದ್ರೆ ಮುಂದೆ ಭಾರ ಎತ್ತಿದಾಗ ಹಿಂದಿನ ಗಾಲಿ ನೆಲ ಬಿಡುತ್ತೆ," ಎಂದು ಹೇಳಿ ಬೈಕ್ ಹತ್ತಿದ.

ಮಾರನೇ ಬೆಳಿಗ್ಗೆ ಶಾಮಳ್‌ಭಾಯಿ ಮರಳಿನ ಪೆಟ್ಟಿಗೆಯನ್ನು ಹಿಂದಕ್ಕೆ ಸಿಕ್ಕಿಸಿ ಲಿಫ್ಟಿನ ಹಿಡಿ ಎಳೆದ. ಪೆಟ್ಟಿಗೆ ಅಲುಗಲಿಲ್ಲ. ಇನ್ನಷ್ಟು ಎಕ್ಸಿಲೇಟರ್ ಕೊಟ್ಟ. ಹಟ ಹಿಡಿದ ಅಳಿಯನ ಹಾಗೆ ಅದು ನೆಲದ ಮೇಲೆ ಕೂತೇ ಇತ್ತು. ಪೆಟ್ಟಿಗೆ ಬಿಚ್ಚಿ ಬರೀ ಲಿಫ್ಟನ್ನು ಎತ್ತಿ ನೋಡಿದ, ಅದೂ ಏಳಲಿಲ್ಲ. ಮುಂದಿನ ತೋಳುಗಳು ಮಾತ್ರ ಸರಾಗವಾಗಿ ಏಳುತ್ತಿದ್ದವು.

ಕಂಕು ಫಿಟ್ಟರಿಗೆ ಫೋನ್ ಮಾಡಿದಳು.

"ಬೆನ್, ಅದು ಚಿಕ್ಕ ಗಾಡಿ," ಎಂದ ಅವನು. "ಒಂದು ಹೊತ್ತಿಗೆ ಒಂದೇ ಕೆಲಸ. ಮುಂದೆ ಎತ್ತೋದಾದ್ರೆ ಹಿಂದಿನದು ಮರ್ತುಬಿಡಿ."

"ಹಿಂದೆ ಭಾರ ಇಲ್ದೆ ಮುಂದೆ ಎತ್ತಬೇಡಿ ಅಂದವ್ರು ನೀವೇ ಅಲ್ವಾ ತಮ್ಮಾ?"

"ಅರ್ಧ ಬಕೆಟ್ ಎತ್ತಿ ಬೆನ್, ಏನೂ ಆಗಲ್ಲ."

"ಅರ್ಧ ಬಕೆಟ್ ಎತ್ತೋಕೆ ನನ್ನ ತಲೆ ಇದೆ," ಎಂದು ಕಂಕು ಫೋನ್ ಇಟ್ಟಳು.

ಪಕ್ಕದ ಮನೆಯೇ ಭಾವ ವಶ್ರಾಮ್‌ಭಾಯಿಯದು. ಗಂಡನ ಅಣ್ಣ. ಅವನದು ಐವತ್ತೈದು ಕುದುರೆಯ ದೊಡ್ಡ ಟ್ರ್ಯಾಕ್ಟರ್. ಅದರ ಹಿಂದಿನ ಗಾಲಿ ಕಂಕುವಿನ ಭುಜದೆತ್ತರ. ಕಂಕು ಮದುವೆಯಾಗಿ ಮೂವತ್ತೆರಡು ವರ್ಷವಾಗಿದ್ದರೂ ಭಾವನ ಮುಂದೆ ಮುಸುಕು ತೆಗೆದವಳಲ್ಲ, ನೇರ ಮಾತಾಡಿದವಳೂ ಅಲ್ಲ. ಅದು ಊರಿನ ರೀತಿ. ಭಾವನಾದರೂ ಅವಳ ಜೊತೆ ಮಾತಾಡುತ್ತಿರಲಿಲ್ಲ, ಆದರೆ ಅವಳಿಗೆ ಕೇಳುವ ಹಾಗೆ ತಮ್ಮನ ಜೊತೆ ಮಾತಾಡುತ್ತಿದ್ದ.

"ಏ ಶಾಮಳ," ಎಂದು ಜಗಲಿಯಿಂದ ಕೂಗಿದ, "ನಿಮ್ಮ ಟ್ರ್ಯಾಕ್ಟರಿಗೆ ಸೊಂಡಿಲು ಬಂತಂತೆ, ಬಾಲ ಬಿದ್ದೋಯ್ತಂತೆ!"

ಬೀದಿಯಲ್ಲಿದ್ದವರೆಲ್ಲ ನಕ್ಕರು. ಕಂಕು ಮುಸುಕನ್ನು ಮೂಗಿನ ತನಕ ಎಳೆದುಕೊಂಡು ಗಂಡನ ಕಡೆ ತಿರುಗಿದಳು.

"ನಿಮ್ಮಣ್ಣನಿಗೆ ಹೇಳಿ, ಬಾಲ ಬಿದ್ದಿಲ್ಲ, ಮಲಗಿದೆ. ಎಬ್ಬಿಸ್ತೀನಿ."

"ಅಣ್ಣಾ, ಮಲಗಿದೆಯಂತೆ," ಎಂದ ಶಾಮಳ್‌ಭಾಯಿ.

"ಕೇಳಿಸ್ತು, ಕೇಳಿಸ್ತು," ಎಂದ ಅಣ್ಣ.

ಎಬ್ಬಿಸಲು ಮೊದಲು ಮುಂದೆ ಬಂದವನು ಭಾವನ ಡ್ರೈವರ್ ಜಗಮಾಲ್. ಅವನು ಬಗ್ಗಿ ನೋಡಿ, "ಇದೇನು ದೊಡ್ಡ ವಿಷ್ಯ ಭಾಭಿ!" ಎಂದ. ಮೊದಲು ಇಂಜಿನ್ ಪಕ್ಕದ ಪಂಪಿನಿಂದ ಎಣ್ಣೆ ಒಂದು ಕಬ್ಬಿಣದ ಪೈಪಿನಲ್ಲಿ ನೇರ ಹಿಂದಿನ ಲಿಫ್ಟಿಗೆ ಹೋಗುತ್ತಿತ್ತು. ಫಿಟ್ಟರ್ ಅದನ್ನು ಕಡಿದು, ಪಂಪಿನ ಎಣ್ಣೆಯನ್ನು ಡ್ರೈವರ್ ಮೊಣಕಾಲಿನ ಹತ್ತಿರ ಹೊಸದಾಗಿ ಕೂರಿಸಿದ ವಾಲ್ವಿಗೆ ತಂದಿದ್ದ. ಆ ವಾಲ್ವಿನಿಂದ ನಾಲ್ಕು ಪೈಪು ತೋಳುಗಳಿಗೆ, ಒಂದು ದಪ್ಪ ಪೈಪು ವಾಪಸ್ ಎಣ್ಣೆ ಟ್ಯಾಂಕಿಗೆ. ಹಿಂದಿನ ಲಿಫ್ಟಿಗೆ ಹೋಗುವ ಹಳೆ ಪೈಪಿನ ಬಾಯಿಗೆ ಬಿರಡೆ ಹಾಕಿ ಮುಚ್ಚಿಬಿಟ್ಟಿದ್ದ. "ಟ್ಯಾಂಕಿಗೆ ಹೋಗೋ ಈ ದಪ್ಪ ಪೈಪನ್ನ ಹಿಂದಿನ ಲಿಫ್ಟಿಗೆ ಕೊಟ್ರೆ ಮುಗೀತು," ಎಂದ ಜಗಮಾಲ್.

ಕೊಟ್ಟರು. ಮರಳಿನ ಪೆಟ್ಟಿಗೆ ಎದ್ದಿತು! ಶಾಮಳ್‌ಭಾಯಿ ಶಿಳ್ಳೆ ಹಾಕಿದ. ಕಂಕು ತಾನೇ ಸೀಟಿನ ಮೇಲೆ ಕೂತು ಕೊಟ್ಟಿಗೆಯಿಂದ ನಾಲ್ಕು ಬಕೆಟ್ ಸಗಣಿ ತಂದು ಸುರಿದಳು. ಐದನೆಯದಕ್ಕೆ ಹೋಗುವಾಗ ಹೊಸಿಲು ತಾಗಬಾರದೆಂದು ಪೆಟ್ಟಿಗೆಯನ್ನು ಪೂರ್ತಿ ಮೇಲಕ್ಕೆತ್ತಿ, ಹಿಡಿಯನ್ನು ಹಾಗೇ ಎಳೆದು ಹಿಡಿದಳು. ಎಲ್ಲೋ ಕೀಂ ಎಂದು ಒಂದು ಸದ್ದು ಬಂತು. ಆಮೇಲೆ ಟಪ್ಪೆಂದಿತು. ಮೊಣಕಾಲಿನ ಹತ್ತಿರದ ವಾಲ್ವಿನಿಂದ ಬಿಸಿ ಎಣ್ಣೆ ಕಾರಂಜಿಯಾಗಿ ಚಿಮ್ಮಿ ಅವಳ ಘಾಘ್ರಾ, ಚಪ್ಪಲಿ, ಪಕ್ಕದಲ್ಲಿ ನಿಂತಿದ್ದ ಎಮ್ಮೆಯ ಬೆನ್ನು, ಎಲ್ಲ ತೋಯಿಸಿಬಿಟ್ಟಿತು. ಅವಳು ಗಾಡಿ ಆಫ್ ಮಾಡಿ ಕೆಳಗಿಳಿಯುವಷ್ಟರಲ್ಲಿ ಭಾವನ ಮನೆಯ ಜಗಲಿಯಲ್ಲಿ ನಗು.

"ಶಾಮಳ, ಸೊಂಡಿಲಿಂದ ನೀರು ಬರ್ತಾ ಇದ್ಯಲ್ಲೋ! ಸ್ನಾನ ಮಾಡಿಸ್ತಿದೀಯಾ?"

ಶಾಮಳ್‌ಭಾಯಿ ಅತ್ತ ತಿರುಗಿಯೂ ನೋಡಲಿಲ್ಲ. ಅವನು ಹೆಂಡತಿಯ ಕಾಲು ಸುಟ್ಟಿದೆಯೇ ಎಂದು ನೋಡುತ್ತಿದ್ದ. ಸುಟ್ಟಿರಲಿಲ್ಲ, ಕೆಂಪಾಗಿತ್ತು ಅಷ್ಟೆ. "ಬಿಡು ಮಾರಾಯ್ತಿ," ಎಂದ ಮೆಲ್ಲಗೆ. "ವಾಪಸ್ ಕಳಿಸೋಣ. ಇನ್ನಿಬ್ಬರು ಆಳು ಇಟ್ಕೊಳ್ಳೋಣ."

ಕಂಕು ಬೂದಿ ತಂದು ಎಣ್ಣೆಯ ಮೇಲೆ ಸುರಿದು ಗುಡಿಸಿದಳು. ಎಮ್ಮೆಯ ಬೆನ್ನು ತೊಳೆದಳು. ಸಂಜೆಯ ಹಾಲು ಕರೆಯಲು ಮಷೀನು ಹಚ್ಚಿದಳು.

ಊರಿನಲ್ಲಿ ಹಾಲು ಕರೆಯುವ ಮಷೀನು ಮೊದಲು ಬಂದದ್ದು ಅವಳ ಕೊಟ್ಟಿಗೆಗೆ. ಆರು ವರ್ಷವಾಗಿತ್ತು. ಅದು ಕೆಟ್ಟರೆ ಡೇರಿಯಿಂದ ಯಾರೂ ಬರಬೇಕಾಗಿರಲಿಲ್ಲ. ಯಾವ ರಬ್ಬರು ಸವೆದಿದೆ, ಎಲ್ಲಿ ಗಾಳಿ ಸೋರುತ್ತಿದೆ ಎಂಬುದು ಅವಳಿಗೆ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಅಂದು ಎಮ್ಮೆಯ ಕೆಚ್ಚಲ ಬಳಿ ಕೂತು ಅವಳು ಆ ಪೈಪುಗಳನ್ನೇ ನೋಡುತ್ತಿದ್ದಳು. ಒಂದರಲ್ಲಿ ಹಾಲು, ಒಂದರಲ್ಲಿ ಗಾಳಿ. ಎರಡೂ ಒಂದೇ ಡಬ್ಬಿಗೆ ಬಂದರೂ ಅವುಗಳ ದಾರಿ ಬೇರೆ. ದಾರಿ ಒಂದೇ ಮಾಡಿದರೆ ಹಾಲು ಪಂಪಿಗೆ ನುಗ್ಗುತ್ತದೆ. ಹಾಗಾದರೆ ಟ್ರ್ಯಾಕ್ಟರಿನ ವಾಲ್ವಿಗೆ ಬಂದ ಎಣ್ಣೆಗೆ ಎಷ್ಟು ದಾರಿ ಬೇಕು?

ಹಾಲಿನ ಕ್ಯಾನು ಡೇರಿಗೆ ಕಳಿಸಿ ಅವಳು ಅಂಗಳದಲ್ಲಿ ಇದ್ದಿಲಿನಿಂದ ಗೆರೆ ಎಳೆಯುತ್ತ ಕೂತಳು. ತೋಳು ಇಳಿಯುವಾಗ ಅದರೊಳಗಿಂದ ಹೊರಬರುವ ಎಣ್ಣೆ ಕೆಲಸ ಮುಗಿಸಿದ್ದು, ಅದು ಸುಮ್ಮನೆ ಟ್ಯಾಂಕಿಗೆ ಹೋಗಬೇಕು. ತೋಳಿಗೆ ಕೆಲಸವಿಲ್ಲದಾಗ ಪಂಪಿನಿಂದ ಬರುವ ಎಣ್ಣೆ ಇನ್ನೂ ಕೆಲಸ ಮಾಡದ್ದು, ಅದು ತನ್ನ ಶಕ್ತಿ ಸಮೇತ ಹಿಂದಿನ ಲಿಫ್ಟಿಗೆ ಹೋಗಬೇಕು. ಮನೆಗೆ ಹೋಗುವವರನ್ನೂ ಹೊಲಕ್ಕೆ ಹೋಗುವವರನ್ನೂ ಜಗಮಾಲ್ ಒಂದೇ ಬಾಗಿಲಲ್ಲಿ ಹೊರಡಿಸಿದ್ದ. ಹಿಂದಿನ ಲಿಫ್ಟು ಪೂರ್ತಿ ಎದ್ದು ನಿಂತು ದಾರಿ ಮುಚ್ಚಿದಾಗ ಆ ಒತ್ತಡವೆಲ್ಲ ತಿರುಗಿ ವಾಲ್ವಿಗೆ ಬಂದಿತ್ತು, ಒತ್ತಡ ತಡೆಯದ ಬಾಗಿಲಿಗೆ.

"ಕೇಳ್ತಾ ಇದೀರಾ," ಎಂದಳು ಗಂಡನಿಗೆ. "ವಾಲ್ವಿಗೆ ಇನ್ನೊಂದು ತೂತು ಬೇಕು."

"ಇರೋ ತೂತಲ್ಲೇ ಅಷ್ಟು ಎಣ್ಣೆ ಬಂತು, ಇನ್ನೊಂದು ಯಾಕೆ?" ಎಂದ ಶಾಮಳ್‌ಭಾಯಿ. ಆದರೂ ಬೆಳಿಗ್ಗೆ ವಾಲ್ವು ಬಿಚ್ಚಿ ಗೋಣಿಯಲ್ಲಿ ಸುತ್ತಿ ಬೈಕಿಗೆ ಕಟ್ಟಿದವನು ಅವನೇ.

ಹೆದ್ದಾರಿಯ ಕೂಡುರಸ್ತೆಯಲ್ಲಿ ಹರ್ಗೋವನ್ ಮಿಸ್ತ್ರಿಯ ಲೇತ್ ಮಷೀನಿನ ಶೆಡ್ ಇತ್ತು. ಅವನು ಕಂಕುವಿನ ತವರೂರಿನವನು. ಹಾಗಾಗಿ ಅವನ ಮುಂದೆ ಮುಸುಕಿನ ಗೊಡವೆ ಇರಲಿಲ್ಲ, ಅವನು ಅವಳಿಗೆ ಕಾಕಾ, ಚಿಕ್ಕಪ್ಪನ ಸಮಾನ. ವಯಸ್ಸು ಎಪ್ಪತ್ತು ದಾಟಿತ್ತು. ನಲವತ್ತು ವರ್ಷ ಬೋರ್‌ವೆಲ್ ಪಂಪುಗಳ ಶಾಫ್ಟು ಕಡೆದ ಕೈ.

"ಬಾ ದೀಕರಿ, ಬಾ ಮಗಳೇ," ಎಂದ. "ಯಾರ ಕರುಳು ತಂದಿದೀಯ?"

ಕಂಕು ಎಲ್ಲ ಹೇಳಿದಳು. ನಡುನಡುವೆ ಕಾಕಾ ತಲೆಯಾಡಿಸುತ್ತಿದ್ದ. ಸೋರುವ ಪೈಪನ್ನು ಕೈಯಿಂದ ಸವರಿ ನೋಡಿದೆ ಎಂದಾಗ ಮಾತ್ರ ಸಿಡಿದ.

"ಗಾಡಿ ಆನ್ ಇದ್ದಾಗ?"

"ಆಫ್ ಮಾಡಿದ್ದೆ ಕಾಕಾ."

"ಹಾಂ. ಆನ್ ಇದ್ದಾಗ ಕೈ ಇಟ್ಟೆ ಅಂತ ಗೊತ್ತಾದ್ರೆ ನಿನ್ನಪ್ಪನ ಮನೆಗೆ ಹೋಗಿ ದೂರು ಕೊಡ್ತೀನಿ. ಸೂಜಿಮೊನೆಯಷ್ಟು ತೂತಿಂದ ಬರೋ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತೆ, ಆಮೇಲೆ ಬೆರಳು ಕತ್ತರಿಸ್ಬೇಕು. ಸೋರೋದು ನೋಡ್ಬೇಕಾದ್ರೆ ರಟ್ಟು ಹಿಡಿ."

ಆಮೇಲೆ ವಾಲ್ವನ್ನು ಸೀಮೆಎಣ್ಣೆಯಲ್ಲಿ ತೊಳೆದು ತಿರುಗಿಸಿ ತಿರುಗಿಸಿ ನೋಡಿದ. ಒಂದು ಕೊನೆಯಲ್ಲಿ ಬಣ್ಣ ಮೆತ್ತಿಕೊಂಡ ಒಂದು ಬಿರಡೆ ಇತ್ತು. ಬಿಚ್ಚಿದ. ಒಳಗೆ ಮರೆಯಲ್ಲಿ ಒಂದು ತೂತು.

"ತೂತು ಬೇಕು ಅಂದ್ಯಲ್ಲ, ಮಾಡಿದವನು ಮೊದಲೇ ಮಾಡಿಟ್ಟಿದ್ದಾನೆ," ಎಂದ ಕಾಕಾ. "ಇದ್ರೊಳಗೆ ಒಂದು ಸಣ್ಣ ಕೊಳವೆ ಕೂರ್ಬೇಕು. ಆ ಕೊಳವೆ ಕೂತ್ರೆ ವಾಪಸ್ ಹೋಗೋ ಎಣ್ಣೆ ಬೇರೆ, ಮುಂದಕ್ಕೆ ಹೋಗೋ ಎಣ್ಣೆ ಬೇರೆ. ನೀನು ಹೇಳಿದ ಹಾಗೇನೇ. ಯಾರು ಹೇಳಿಕೊಟ್ರು?"

"ಎಮ್ಮೆ," ಎಂದಳು ಕಂಕು.

ಅಂಗಡಿಗೆ ಫೋನ್ ಮಾಡಿದರೆ ಆ ಕೊಳವೆ ತಮ್ಮ ಹತ್ತಿರ ಇಲ್ಲ, ತರಿಸಲು ಒಂದು ತಿಂಗಳಾಗುತ್ತದೆ ಎಂದರು. ಕಾಕಾ ರಾಶಿಯಿಂದ ಒಂದು ಉಕ್ಕಿನ ತುಂಡು ಹುಡುಕಿ ಲೇತಿಗೆ ಕಚ್ಚಿಸಿದ. ಅರ್ಧ ಗಂಟೆ ಕಡೆದು, ಅಳತೆಯ ಕ್ಯಾಲಿಪರ್ ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಕಿಟಕಿಯ ಬೆಳಕಿಗೆ ಹಿಡಿದು, ಕೊನೆಗೆ ಕೆಳಗಿಟ್ಟ.

"ಏನಾಯ್ತು ಕಾಕಾ?"

"ಕೈ ಇದೆ. ಕಣ್ಣು ಇಲ್ಲ," ಎಂದ ಮುದುಕ. "ಈ ಸಣ್ಣ ಗೆರೆಗಳು ಇರುವೆ ಸಾಲಿನ ಹಾಗೆ ಓಡಾಡ್ತವೆ. ಪಂಪಿನ ಶಾಫ್ಟು ಆಗಿದ್ರೆ ಬೆರಳಲ್ಲೇ ಹೇಳ್ತಿದ್ದೆ. ಇದು ಕೂದಲಿನ ಅರ್ಧದ ಲೆಕ್ಕ."

ಕಂಕು ಏಳನೇ ಕ್ಲಾಸಿನವರೆಗೆ ಓದಿದವಳು. ಡೇರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಸರದಿ ಬಂದಾಗ ಗಾಜಿನ ಕೊಳವೆಯ ಗೆರೆಗಳನ್ನು ಅವಳಷ್ಟು ಖಚಿತವಾಗಿ ಓದುವವರಿರಲಿಲ್ಲ. ಕ್ಯಾಲಿಪರ್ ಕೈಗೆ ತೆಗೆದುಕೊಂಡಳು. ದೊಡ್ಡ ಗೆರೆ ಯಾವುದು, ಸಣ್ಣ ಗೆರೆ ಯಾವುದಕ್ಕೆ ಕೂಡಬೇಕು ಎಂದು ಕಾಕಾ ಒಂದು ಸಲ ಹೇಳಿದ. ಎರಡನೇ ಸಲ ಹೇಳಬೇಕಾಗಲಿಲ್ಲ. ಅವನು ಕಡೆದ, ಅವಳು ಓದಿದಳು. ಅವನು "ಎಷ್ಟು?" ಎಂದರೆ ಅವಳು ಹೇಳುವಳು, ಅವನು ಇನ್ನಿಷ್ಟು ಕಡೆಯುವನು. ಶಾಮಳ್‌ಭಾಯಿ ಹೊರಗೆ ಬೈಕಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ, ಬಂದುಹೋಗುವವರಿಗೆಲ್ಲ, "ಒಳಗೆ ಹೋಗ್ಬೇಡಿ, ನನ್ನ ಹೆಂಡ್ತಿ ಲೇತ್ ಮೇಲಿದ್ದಾಳೆ," ಎಂದು ಹೇಳುತ್ತಿದ್ದ.

ಮೊದಲ ಕೊಳವೆ ಸಡಿಲವಾಯಿತು. ಟ್ರ್ಯಾಕ್ಟರಿಗೆ ಹಾಕಿ ನೋಡಿದರೆ ಹಿಂದಿನ ಲಿಫ್ಟು ಎದ್ದಿತು, ಆದರೆ ಮುದಿ ಎತ್ತಿನ ಹಾಗೆ, ಒಳಗೊಳಗೇ ಎಣ್ಣೆ ನುಸುಳುತ್ತಿತ್ತು. ಸುಮಾರಾಗಿದೆ, ಸಾಕು ಎಂದ ಶಾಮಳ್‌ಭಾಯಿ. ಕಂಕು ಒಪ್ಪಲಿಲ್ಲ. ಮರುದಿನ ಮತ್ತೆ ಕೂಡುರಸ್ತೆಗೆ ಹೋದಳು. ಕಾಕಾ ಕೂಡ ಸುಮಾರಿಗೆ ಒಪ್ಪುವವನಲ್ಲ. ಆ ಕೊಳವೆಯನ್ನು ನೋಡಿ ಬಿಸಾಡಿ, ಹೊಸ ತುಂಡು ಕಚ್ಚಿಸಿದ. ಎರಡನೆಯದಕ್ಕೆ ಮೂರು ಗಂಟೆ ಹಿಡಿಯಿತು. ರಬ್ಬರಿನ ಉಂಗುರ ಕೂರುವ ತೋಡನ್ನು ಕಡೆಯುವಾಗ ಪ್ರತಿ ಸುತ್ತಿಗೂ ನಿಲ್ಲಿಸಿ ಅಳೆದರು. ಕೊಳವೆ ವಾಲ್ವಿನೊಳಗೆ ಹೋಗಿ ಕೂತಾಗ ಸದ್ದೇ ಆಗಲಿಲ್ಲ. ಕಾಕಾ ಹೆಬ್ಬೆರಳಿನಿಂದ ಅದರ ಅಂಚು ಸವರಿದ. "ಹಾಂ, ಈಗ ಕೂತ್ಕೊಂಡ ನನ್ನ ಮಗ," ಎಂದ.

ಜೋಡಿಸುವುದನ್ನು ಕಂಕು ಬೇರೆ ಯಾರ ಕೈಗೂ ಕೊಡಲಿಲ್ಲ. ಪಂಪಿನಿಂದ ಬರುವ ಪೈಪಿಗೆ ಕೆಂಪು ದಾರ ಕಟ್ಟಿದಳು, ಹಿಂದಿನ ಲಿಫ್ಟಿಗೆ ಹೋಗುವುದಕ್ಕೆ ಹಸಿರು, ಟ್ಯಾಂಕಿಗೆ ಹೋಗುವ ದಪ್ಪ ಪೈಪಿಗೆ ಹಳದಿ. ಕಸ ಒಳಹೋಗದಂತೆ ಪ್ರತಿ ಬಾಯಿಯನ್ನೂ ಹಳೇ ಪಂಚೆಯಿಂದ ಒರೆಸಿದಳು. ಬಿಗಿ ಮಾಡಿದಳು. ಎಣ್ಣೆ ತುಂಬಿದಳು. ಇಂಜಿನ್ ಹಚ್ಚಿ ತೋಳುಗಳನ್ನು ನಾಲ್ಕು ಸಲ ಎತ್ತಿ ಇಳಿಸಿ ಒಳಗಿನ ಗಾಳಿ ತೆಗೆದಳು, ಮತ್ತೆ ಎಣ್ಣೆ ನೋಡಿ ಇನ್ನರ್ಧ ಲೀಟರ್ ಹಾಕಿದಳು. ರಟ್ಟು ಹಿಡಿದು ಪ್ರತಿ ಕೂಡಿಕೆಯನ್ನೂ ನೋಡಿದಳು. ರಟ್ಟು ಒಣಗಿಯೇ ಇತ್ತು. ಆಮೇಲೆ ಸೀಟಿಗೆ ಹತ್ತಿ ಹಿಂದಿನ ಹಿಡಿ ಎಳೆದಳು. ಮರಳಿನ ಪೆಟ್ಟಿಗೆ ಒಂದೇ ಏಟಿಗೆ ಮೇಲೆದ್ದಿತು. ಪೂರ್ತಿ ಎದ್ದ ಮೇಲೂ ಹಿಡಿಯನ್ನು ಬಿಡಲಿಲ್ಲ, ಹತ್ತು ಎಣಿಸಿದಳು. ಕೀಂ ಎಂಬ ಸದ್ದು ಬರಲಿಲ್ಲ, ವಾಲ್ವು ಗುಂಡುಕಲ್ಲಿನ ಹಾಗೆ ಸುಮ್ಮನಿತ್ತು. ಹಿಂದೆ ಪೆಟ್ಟಿಗೆ ನಿಂತಿರುವಾಗಲೇ ಮುಂದೆ ತುಂಬಿದ ಬಕೆಟ್ ಎತ್ತಿದಳು.

"ಈಗ ಹೇಳಿ, ಚಿಕ್ಕ ಗಾಡಿಗೆ ಒಂದೇ ಕೆಲಸವಂತಾ?" ಎಂದಳು, ಯಾರಿಗೆಂದಿಲ್ಲದೆ.

ಆ ಸಂಜೆ ಡೇರಿಗೆ ಕ್ಯಾನು ತೆಗೆದುಕೊಂಡು ಅವಳೇ ಹೋದಳು. ಕೈ ತೊಳೆದಿದ್ದಳು, ಆದರೆ ಉಗುರಿನ ಸಂದಿಯ ಕಪ್ಪನ್ನು ಉಜ್ಜಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸರು, "ಅಯ್ಯೋ ಕಂಕುಬೆನ್, ಕೈಗೇನಾಯ್ತು?" ಎಂದರು.

"ಏನಿಲ್ಲ. ಹೈಡ್ರಾಲಿಕ್," ಎಂದಳು ಅವಳು, ದಿನವೂ ಇದೇ ಕೆಲಸ ಎಂಬಂತೆ.

ಅಲ್ಲಿಂದ ಮುಂದೆ ತೊಂಬತ್ತು ಬುಟ್ಟಿಯ ಕೆಲಸ ಇಪ್ಪತ್ತೈದು ನಿಮಿಷಕ್ಕೆ ಮುಗಿಯತೊಡಗಿತು. ಮೊದಲ ಎರಡು ದಿನ ಹೆಂಗಸರು ಗೋಡೆಗೊರಗಿ, ಏನು ಮಾಡುವುದೆಂದು ತಿಳಿಯದೆ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತ ಕೂತರು. ಕೈಗೆ ಪಟ್ಟಿ ಕಟ್ಟಿಕೊಂಡ ಸಂತೋಕ ಬಂದು, "ನಮ್ಮನ್ನ ಮನೆಗೆ ಕಳಿಸ್ತೀಯೇನೇ?" ಎಂದು ನೇರವಾಗಿ ಕೇಳಿದಳು.

"ಇನ್ನೂ ಹತ್ತು ಎಮ್ಮೆ ತರ್ತೀನಿ. ಅವುಗಳ ಹಾಲು ಯಾರು ಕರೀತಾರೆ, ನಿನ್ನ ಗಂಡನಾ? ಮೊದಲು ಕೈ ವಾಸಿ ಮಾಡ್ಕೋ. ಆಮೇಲೆ ಈ ಸೀಟಿನ ಮೇಲೆ ಕೂತ್ಕೊಂಡು ಕಲಿ."

"ನಾನಾ? ನನಗೆ ಸೈಕಲ್ಲೂ ಬರಲ್ಲ."

"ಸೈಕಲ್ ಬೀಳುತ್ತೆ. ಇದು ಬೀಳಲ್ಲ."

ಒಂದು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ, ಹಾಲು ಕರೆದು ಮುಗಿದಿತ್ತಷ್ಟೆ, ಓರಗಿತ್ತಿ ಮೋಂಘೀಬೆನ್ ಸೆರಗು ನೆಲಕ್ಕೆ ಎಳೆಯುತ್ತ ಓಡಿಬಂದಳು.

"ಕಂಕು, ನಮ್ಮ ಕಾಬರಿ ಏಳ್ತಾ ಇಲ್ಲ ಕಣೇ!"

ಕಾಬರಿ ವಶ್ರಾಮ್‌ಭಾಯಿಯ ಎಮ್ಮೆ. ಮೇಹಸಾಣಿ ತಳಿ, ಕುಡುಗೋಲಿನಂಥ ಕೊಂಬು, ಜಿಲ್ಲೆಯ ಹಾಲಿನ ಸ್ಪರ್ಧೆಯಲ್ಲಿ ಬಹುಮಾನ ತಂದದ್ದು. ವಶ್ರಾಮ್‌ಭಾಯಿ ತನ್ನ ಮಕ್ಕಳಿಗೆ ಕೂಡ ಅಷ್ಟು ಮೈತಿಕ್ಕಿದವನಲ್ಲ. ರಾತ್ರಿ ಕರು ಹಾಕಿ, ಬೆಳಗಾಗುವಷ್ಟರಲ್ಲಿ ಹಿಂದಿನ ಕಾಲು ಸೋತು ಬಿದ್ದುಬಿಟ್ಟಿತ್ತು. ಡೇರಿಯ ಡಾಕ್ಟರ್‌ಸಾಹೇಬರು ಬಂದು ಕೊರಳ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದ್ದರು. ಈಗ ಎಬ್ಬಿಸಿ ನಿಲ್ಲಿಸಬೇಕು, ಹೀಗೇ ಮಲಗಿದ್ದರೆ ತೊಡೆಯ ಮಾಂಸ ಸತ್ತು ಮತ್ತೆಂದೂ ಏಳುವುದಿಲ್ಲ ಎಂದಿದ್ದರು. ಎಂಟು ಗಂಡಸರು ಬಿದಿರು ಹಾಕಿ ಎತ್ತಿ ಸೋತಿದ್ದರು. ದೊಡ್ಡ ಟ್ರ್ಯಾಕ್ಟರ್ ಕೊಟ್ಟಿಗೆಯ ಬಾಗಿಲಲ್ಲಿ ಹಿಡಿಸದೆ ಅಂಗಳದಲ್ಲೇ ನಿಂತಿತ್ತು.

ಕಂಕು ಬಕೆಟ್ ಕಳಚಿ, ತೋಳುಗಳ ನಡುವಿನ ಅಡ್ಡಕಂಬಿಗೆ ಸರಪಳಿ ಸುತ್ತಿ, ಮರಳಿನ ಪೆಟ್ಟಿಗೆ ಹಿಂದೆ ಎತ್ತಿಕೊಂಡು ಹೊರಟಳು. ಭಾವನ ಅಂಗಳ ಬಂದಾಗ ಅಭ್ಯಾಸದಿಂದ ಮುಸುಕು ಎಳೆದುಕೊಂಡಳು. ಬಾಗಿಲಿಗೂ ಗಾಲಿಗೂ ಎರಡೂ ಬದಿ ನಾಲ್ಕು ಬೆರಳಿನ ಅಂತರ. ಮುಸುಕಿನಲ್ಲಿ ಏನೂ ಕಾಣಲಿಲ್ಲ. ಒಂದು ಕ್ಷಣ ನಿಂತಳು. ಆಮೇಲೆ ಮುಸುಕನ್ನು ಹಿಂದಕ್ಕೆಸೆದು, ಸೆರಗನ್ನು ಸೊಂಟಕ್ಕೆ ಬಿಗಿದು ಒಳಗೆ ನುಗ್ಗಿದಳು.

ಡಾಕ್ಟರ್‌ಸಾಹೇಬರು ಗೋಣಿಯನ್ನು ಮಡಿಸಿ ಮೆತ್ತೆಯಾಗಿ ಕೊಟ್ಟು, ಕ್ಯಾನ್ವಾಸ್ ಪಟ್ಟೆಯನ್ನು ಕೆಚ್ಚಲಿನ ಮುಂದೆ ಹೊಟ್ಟೆಯ ಅಡಿಯಿಂದ ತೂರಿಸಿ ಸರಪಳಿಗೆ ಸಿಕ್ಕಿಸಿದರು. ಎಮ್ಮೆಯ ಅರ್ಧ ಭಾರ ಗಾಡಿ ಹೊರಬೇಕು, ಇನ್ನರ್ಧ ಅದರ ಮುಂಗಾಲು. ಮೇಲೆ ತೊಲೆ ತಗ್ಗಾಗಿತ್ತು. ತೋಳು ಒಂದು ಗೇಣು ಹೆಚ್ಚು ಎದ್ದರೆ ಸೂರು ಕಿತ್ತುಬರುತ್ತಿತ್ತು. ಕಂಕು ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು, ಹಾಲಿನ ಕೆನೆ ಸರಿಸುವಷ್ಟು ಹಗುರಾಗಿ ಎಳೆದಳು. ಸರಪಳಿ ಬಿಗಿಯಿತು. ಕಾಬರಿಯ ಹಿಂಭಾಗ ನೆಲದಿಂದ ಎದ್ದಿತು. ವಶ್ರಾಮ್‌ಭಾಯಿ ತಡೆಯಲಾರದೆ ಪಟ್ಟೆಗೆ ಕೈಹಾಕಿ ತಾನೂ ಎತ್ತಲು ಹೋದ, ಎಮ್ಮೆ ಒಂದು ಬದಿಗೆ ತೂಗಿತು.

"ಭಾವಾ, ಪಟ್ಟೆ ಬಿಡಿ!" ಎಂದು ಕಂಕು ಕೂಗಿದಳು. "ಹಿಂದೆ ಸರೀರಿ! ತಲೆ ಹತ್ರ ಹೋಗಿ ಅವಳ ಜೊತೆ ಮಾತಾಡಿ!"

ಮೂವತ್ತೆರಡು ವರ್ಷದಲ್ಲಿ ಅವಳು ಭಾವನಿಗೆ ನೇರ ಆಡಿದ ಮೊದಲ ಮಾತು ಅದು. ಎಂಟು ಗಂಡಸರೂ ನೆಲ ನೋಡಿದರು. ವಶ್ರಾಮ್‌ಭಾಯಿ ಪಟ್ಟೆ ಬಿಟ್ಟು ಎಮ್ಮೆಯ ತಲೆಯ ಬಳಿ ಕುಕ್ಕರುಗಾಲಲ್ಲಿ ಕೂತ. "ಏಳು ನನ್ನ ತಾಯಿ, ಏಳು ಬೇಟಾ," ಎಂದು ಅದರ ಕಿವಿಯ ಬುಡ ತುರಿಸತೊಡಗಿದ.

ಕಂಕು ಹನ್ನೆರಡು ನಿಮಿಷ ಆ ಹಿಡಿಯ ಮೇಲಿಂದ ಕೈ ತೆಗೆಯಲಿಲ್ಲ. ತೋಳು ಕೂದಲೆಳೆಯಷ್ಟೂ ಕುಸಿಯಲಿಲ್ಲ. ಡಾಕ್ಟರರು ಎಮ್ಮೆಯ ತೊಡೆಗಳನ್ನು ಹುಲ್ಲಿನಿಂದ ತಿಕ್ಕುತ್ತಿದ್ದರು. ಮೊದಲು ಒಂದು ಗೊರಸು ನೆಲ ಹುಡುಕಿತು, ಜಾರಿತು, ಮತ್ತೆ ಹುಡುಕಿತು. ಆಮೇಲೆ ಇನ್ನೊಂದು. ಮುಂಗಾಲು ಊರಿತು. ಕಂಕು ಒಂದು ಬೆರಳಷ್ಟು ಇಳಿಸಿದಳು. ಕಾಬರಿ ನಿಂತಳು. ಇನ್ನೊಂದು ಬೆರಳಷ್ಟು. ಸರಪಳಿ ಸಡಿಲವಾಗಿ ತೂಗಿತು. ಕಾಬರಿ ನಿಂತೇ ಇದ್ದಳು, ನಡುಗುತ್ತ, ಮೂಗಿನಿಂದ ದೊಡ್ಡ ಉಸಿರು ಬಿಡುತ್ತ. ಬಾಗಿಲಲ್ಲಿ ಇಣುಕುತ್ತಿದ್ದ ಶಾಮಳ್‌ಭಾಯಿ ಶಿಳ್ಳೆ ಹೊಡೆಯಲು ಬಾಯಿ ಮಾಡಿದ, ಎಮ್ಮೆ ಬೆದರೀತೆಂದು ತಡೆದುಕೊಂಡ.

ಮೂರನೇ ದಿನ ವಶ್ರಾಮ್‌ಭಾಯಿ ತಾನೇ ಗಿಣ್ಣುಹಾಲಿನ ತಂಬಿಗೆ ಹಿಡಿದು ತಮ್ಮನ ಅಂಗಳಕ್ಕೆ ಬಂದ. ಕಂಕುವಿನ ಮುಸುಕು ಮತ್ತೆ ಬಂದಿತ್ತು, ಆದರೆ ಹುಬ್ಬಿನವರೆಗೆ ಮಾತ್ರ. ಅವನು ತಂಬಿಗೆಯನ್ನು ಟ್ರ್ಯಾಕ್ಟರಿನ ಬಾನೆಟ್ ಮೇಲಿಟ್ಟು, ಆ ಮೂರು ಬಣ್ಣದ ದಾರಗಳನ್ನು ಬಗ್ಗಿ ನೋಡಿದ.

"ಕಂಕುವಹು," ಎಂದ, ಮನೆಯ ಸೊಸೆಯನ್ನು ಕರೆಯುವ ಹಾಗೆ, ತಮ್ಮನಿಗಲ್ಲ, ಅವಳಿಗೇ. "ಈ ಹಸಿರು ದಾರದ್ದು ಎಲ್ಲಿಗೆ ಹೋಗುತ್ತೆ?"

ಅವಳು ಹೇಳಿದಳು. ಅವನು ಕಡೆಯವರೆಗೂ ಕೇಳಿದ.

ಸುದ್ದಿ ಡಾಕ್ಟರ್‌ಸಾಹೇಬರ ಬಾಯಿಂದ ಹತ್ತು ಊರು ಸುತ್ತಿ ಪಾಲನಪುರದ ಅಂಗಡಿಗೂ ಮುಟ್ಟಿತು. ಅಂಗಡಿಯವರು ಫೋನ್ ಮಾಡಿ, ನಮ್ಮ ಫಿಟ್ಟರುಗಳಿಗೆ ಒಂದು ದಿನ ಬಂದು ತೋರಿಸ್ತೀರಾ ಎಂದು ಕೇಳಿದರು. ಕಂಕು ಎಮ್ಮೆಗಳನ್ನು ಬಿಟ್ಟು ಬರಲಾಗುವುದಿಲ್ಲ, ಬೇಕಾದವರು ಇಲ್ಲಿಗೇ ಬರಲಿ ಎಂದಳು. ಮೂವರು ಬಂದರು. ಅದರಲ್ಲಿ ಕಪ್ಪು ಕನ್ನಡಕದವನೂ ಇದ್ದ. ಈ ಸಲ ಕನ್ನಡಕ ಜೇಬಿನಲ್ಲಿತ್ತು. ಹರ್ಗೋವನ್ ಕಾಕಾನನ್ನು ಬೈಕಿನಲ್ಲಿ ಕರೆಸಿ ಅಂಗಳದ ಮಂಚದ ಮೇಲೆ ಕೂರಿಸಲಾಗಿತ್ತು. ಅವನು ಒಂಬತ್ತು ಕೊಳವೆ ಕಡೆದು ತಂದಿದ್ದ, ಒಂಬತ್ತನ್ನೂ ಕಂಕು ಅಳೆದಿದ್ದಳು.

ಕಂಕು ವಾಲ್ವು ಬಿಚ್ಚಿ, ಕೊಳವೆ ತೆಗೆದು, ಮತ್ತೆ ಕೂರಿಸಿ ತೋರಿಸಿದಳು. ಫಿಟ್ಟರುಗಳು ಮೊಬೈಲಿನಲ್ಲಿ ಚಿತ್ರ ತೆಗೆದರು, ಕಾಗದದಲ್ಲಿ ಬರೆದುಕೊಂಡರು. ಕಪ್ಪು ಕನ್ನಡಕದವನು ಕೊನೆಗೆ, "ಬೆನ್, ಆವತ್ತು ನಾನು ಚಿಕ್ಕ ಗಾಡಿ ಅಂದಿದ್ದು..." ಎಂದು ತಡವರಿಸಿದ.

"ಗಾಡಿ ಚಿಕ್ಕದೇ ತಮ್ಮಾ," ಎಂದಳು ಕಂಕು. "ಇನ್ನೊಂದು ಲೋಟ ಮಜ್ಜಿಗೆ ಹಾಕ್ಲಾ?"

ಅವನು ಬ್ಯಾಗಿನಿಂದ ಲೋಡರಿನ ಪುಸ್ತಕ ತೆಗೆದ. ಅದರ ಕೊನೇ ಪುಟದಲ್ಲಿ ಜೋಡಿಸಿದವರ ಹೆಸರು ಬರೆಯುವ ಜಾಗ ಖಾಲಿ ಇತ್ತು, ಅವನೇ ಆವತ್ತು ಬರೆಯಲು ಮರೆತಿದ್ದ. ಪೆನ್ನು ತೆರೆದು ಅವಳ ಮುಖ ನೋಡಿದ.

"ಮೊದಲು ಕಾಕಾನ ಹೆಸರು, ಹರ್ಗೋವನ್ ಪಂಚಾಲ್ ಅಂತ ಬರೀರಿ," ಎಂದಳು ಕಂಕು. "ಕೆಳಗೆ ಕಂಕುಬೆನ್ ಶಾಮಳ್‌ಭಾಯಿ ಚೌಧರಿ."

ಅವನು ಬರೆದ. ಅವಳು ಪುಸ್ತಕವನ್ನು ಇಸಿದುಕೊಂಡು, ಬಿಸಿಲಿಗೆ ಹಿಡಿದು, ಎರಡೂ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು. ಚೌಧರಿಯಲ್ಲಿ ಒಂದು ತಪ್ಪಿತ್ತು. ಅವನಿಂದ ಪೆನ್ನು ಕೇಳಿ ತಾನೇ ತಿದ್ದಿದಳು.